ತಾತನಿಗೇ ‘ಮಗಾ’ ಅಂದಳು!

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಕನ್ನಡ ಕಲಿಸುವ ಬಗ್ಗೆ ಇಲ್ಲಿ ಮಾತು ನಡೆಯುತ್ತಲೇ ಇದೆ. ಅಕ್ಷರ, ಕಾಗುಣಿತ ನಮ್ಮ ಮನೆಯಲ್ಲಿ ಹೇಗೋ ಸಾಗುತ್ತಿದೆ. ನಾವು ಸಿಕ್ಕಿಹಾಕಿಕೊಂಡಿರುವುದು ಒಂದೇ ಪದದಲ್ಲಿ: ಮಗಾ.

ಹೋದ ಭಾನುವಾರ ಮಂಡ್ಯದಿಂದ ಮಾವ ವೀಡಿಯೊ ಕಾಲ್ ಮಾಡಿದ್ದರು. ಎಂಟು ವರ್ಷದ ಮಗಳು ಫೋನ್ ಕಿತ್ತುಕೊಂಡು, "ಏನ್ ಮಗಾ, ಊಟ ಆಯ್ತಾ?" ಅಂದುಬಿಟ್ಟಳು. ನನ್ನ ಎದೆ ಧಸಕ್ ಅಂತು. ನಮ್ಮನೆಯವರು ಮೆಲ್ಲಗೆ ಅಡುಗೆಮನೆ ಕಡೆ ಜಾರಿಕೊಂಡರು. ಕಲಿಸಿದ್ದು ಅವರೇ ತಾನೇ! ಕಾಲೇಜಿನ ಗೆಳೆಯರ ಫೋನ್ ಬಂದರೆ ಸಾಕು, ಮಾತಿಗೊಂದು ಮಗಾ.

ಬೈಯಲು ಹೋದರೆ ಅವಳ ಲೆಕ್ಕ ಸರಿಯಾಗಿಯೇ ಇತ್ತು. "ತಾತ ನನ್ನ ಮಗಾ ಅಂತಾರೆ. ನಾನೂ ಅಂದೆ." ನಿಜ, ಮಂಡ್ಯ ಕಡೆ ಹೆಣ್ಣು ಮಗುವನ್ನೂ "ಬಾ ಮಗಾ" ಅಂತಲೇ ಕರೆಯುತ್ತಾರೆ. ಜೊತೆಗೆ ನಾವಿರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿ ಗೆಳೆಯ ಅನ್ನುವ ಅರ್ಥದ ‘ಮೇಟ್’ ಎರಡೂ ಕಡೆ ಓಡಾಡುವ ಪದ. ಬಸ್ ಡ್ರೈವರ್ ಇವಳಿಗೆ ಮೇಟ್ ಅಂದರೆ, ಇವಳೂ "ಥ್ಯಾಂಕ್ಸ್ ಮೇಟ್" ಅಂದು ಇಳಿಯುತ್ತಾಳೆ. 2005ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದಲ್ಲಿ ಸೆಕ್ಯೂರಿಟಿಯವರು ಬಂದವರಿಗೆ ಮೇಟ್ ಅನ್ನಬಾರದು ಅಂತ ಅಪ್ಪಣೆ ಹೊರಟಿತ್ತು. ಎಲ್ಲರೂ ಸೇರಿ ಉಗಿದರು, ಬಂದಷ್ಟೇ ಬೇಗ ಅಪ್ಪಣೆ ವಾಪಸ್ ಹೋಯಿತು.

ನಮ್ಮ ಮಗಾ ಹಾಗಲ್ಲ ಅಲ್ವಾ? ಅದು ಕೆಳಕ್ಕೆ ಇಳಿಯುತ್ತದೆ, ಪಕ್ಕಕ್ಕೆ ಹೋಗುತ್ತದೆ, ಮೇಲಕ್ಕೆ ಮಾತ್ರ ಹತ್ತುವುದಿಲ್ಲ. ನನ್ನ ತವರು ಉಡುಪಿ. ನಮ್ಮ ‘ಮಾರಾಯ’ನಿಗೆ ಈ ತೊಂದರೆ ಇಲ್ಲ. ಹೆಂಗಸಾದರೆ ಮಾರಾಯ್ತಿ, ದೊಡ್ಡವರಾದರೆ ಮಾರಾಯ್ರೆ, ಮುಗೀತು. ಮಗಾಕ್ಕೆ ಬಹುವಚನ ಹಚ್ಚಿ ನೋಡಿ. ಮಗಾರೇ! ಇನ್ನು ಹಲ್ಲು ಕಚ್ಚಿ "ಮಗನೇ..." ಅಂದರಂತೂ ಅದು ಹೊಡೆದಾಟಕ್ಕೆ ಮುಂಚಿನ ಮಾತು. ಬೆಂಗಳೂರಿನ ಕಾಲೇಜು ಹುಡುಗಿಯರು ಒಬ್ಬರಿಗೊಬ್ಬರು ಮಗಾ ಅಂದುಕೊಳ್ಳುವುದು ಬೇರೆಯೇ ಕಥೆ.

ಇದನ್ನೆಲ್ಲ ಮಗುವಿಗೆ ಹೇಗೆ ಹೇಳುವುದು? "ದೊಡ್ಡವರಿಗೆ ಹಾಗನ್ನಬಾರದು" ಅಂದೆ. "ಯಾಕೆ?" ಅಂದಳು. ಉತ್ತರ ಹೊಳೆಯಲಿಲ್ಲ. ಸುಮ್ನೆ, "ನಿಮ್ಮ ನೆಟ್‌ಬಾಲ್ ಕೋಚ್ ಸಿಟ್ಟಲ್ಲಿ ‘ಲಿಸನ್, ಮೇಟ್’ ಅಂದ್ರೆ?" ಅಂತ ಕೇಳಿದೆ.

"ಅದು ಬೇರೆ ಮೇಟ್" ಅಂದಳು ತಟ್ಟನೆ.

"ಹಾಂ, ಮಗಾದಲ್ಲೂ ಎರಡು ಮೂರು ಇವೆ" ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಅಷ್ಟರ ಮಟ್ಟಿಗೆ ಗೆದ್ದೆ ಅಂದುಕೊಂಡೆ.

ಸಂಜೆ ಮಾವನಿಗೆ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ ಅಂದರೆ, ಅವರು ಆಗಲೇ ಬೀದಿಯವರಿಗೆಲ್ಲ ಹೇಳಿ ಬಂದಿದ್ದರು. "ಮೊಮ್ಮಗಳು ನಮ್ ಮಂಡ್ಯ ಮಾತೇ ಆಡ್ತಾಳೆ ಕಣವ್ವಾ!" ಇನ್ನು ಅವಳನ್ನು ತಿದ್ದುವವರು ಯಾರು?

ಹುಬ್ಬಳ್ಳಿ-ಧಾರವಾಡದವರು ಯಾರಾದರೂ ಇದ್ದರೆ ಹೇಳಿ, ನಿಮ್ಮ ಮನೆಯಲ್ಲಿ ಮಕ್ಕಳ ಬಾಯಲ್ಲಿ ‘ಲೇ’ ಹೇಗೆ ನಡೆದಿದೆ?