ಮಣ್ಣು ಪರೀಕ್ಷೆಯಲ್ಲಿ ಉಳಿಯುವ ಹಸಿರು ದ್ರಾವಣವನ್ನು ಯಾವ ಕ್ಯಾನಿಗೆ ಹಾಕಬೇಕು?

ಪ್ರಶ್ನೆ (ಹಾವೇರಿ, ಪ್ರಯೋಗಾಲಯ ಸಹಾಯಕ):

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿಯ ಒಂದು ಸಣ್ಣ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮುಂಗಾರಿಗೆ ಮುನ್ನ ರೈತರು ಎರೆಮಣ್ಣಿನ ಚೀಲಗಳನ್ನು ತರುವ ದಿನಗಳಲ್ಲಿ ದಿನಕ್ಕೆ 20 ಮಾದರಿಗಳ ಸಾವಯವ ಇಂಗಾಲ ನೋಡಬೇಕಾಗುತ್ತದೆ. ಅದರಲ್ಲಿ ಉಳಿಯುವ ಹಸಿರು ದ್ರಾವಣ, ಕೊಳಚೆ ನೀರಿನ ಮಾಲಿನ್ಯ ಅಳೆಯುವ ಸಿಒಡಿ ಪರೀಕ್ಷೆಯ ಉಳಿಕೆ, ಎಲೆ ಮಾದರಿಗಳನ್ನು ಕರಗಿಸಿದ ನೈಟ್ರಿಕ್ ಆಮ್ಲ, ಎಲ್ಲವೂ ‘ಆಸಿಡ್ ವೇಸ್ಟ್’ ಎಂದು ಚೀಟಿ ಅಂಟಿಸಿದ 35 ಲೀಟರಿನ ಒಂದೇ ನೀಲಿ ಕ್ಯಾನಿಗೆ ಹೋಗುತ್ತಿದ್ದವು. ಕಳೆದ ವಾರ ಯಾರೋ ಗಾಜಿನ ಸಾಮಾನು ತೊಳೆದ ಸ್ಪಿರಿಟನ್ನೂ ಅದಕ್ಕೇ ಸುರಿದಿದ್ದಾರೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕ್ಯಾನಿನ ಪಕ್ಕೆಗಳು ಉಬ್ಬಿದ್ದವು, ಮುಚ್ಚಳದ ಸಂದಿನಿಂದ ಕಂದು ಹೊಗೆ ಬರುತ್ತಿತ್ತು. ಕಿಟಕಿಗಳನ್ನು ತೆರೆದಿಟ್ಟು ಎಲ್ಲರೂ ಹೊರಗೆ ಬಂದೆವು. ಮಧ್ಯಾಹ್ನದ ಹೊತ್ತಿಗೆ ಹೊಗೆ ನಿಂತಿತು.

ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ತಾಗಿದ್ದನ್ನು ಕೊರೆಯುವ ಗುಣದ ತ್ಯಾಜ್ಯವೆಂದು ನಿಯಮ ಹೇಳುತ್ತದೆ. ನಮ್ಮದೆಲ್ಲವೂ ಹಾಗೆಯೇ ಇರುವಾಗ ಒಂದೇ ವರ್ಗವೆಂದು ಭಾವಿಸುವುದರಲ್ಲಿ ತಪ್ಪೇನಿದೆ? ಸೋಡಾ ಹಾಕಿ ಆಮ್ಲವನ್ನು ತಣಿಸಿ (ತಟಸ್ಥಗೊಳಿಸಿ) ಚರಂಡಿಗೆ ಬಿಡಬಹುದೇ?

ಉತ್ತರ 1 (ಧಾರವಾಡ, ಮಣ್ಣು ವಿಜ್ಞಾನ):

ಮೊದಲು ಆ ಕ್ಯಾನಿಗೆ ಇನ್ನೇನನ್ನೂ ಸುರಿಯಬೇಡಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಲೂ ಬೇಡಿ. ನೈಟ್ರಿಕ್ ಆಮ್ಲ ಮತ್ತು ಸ್ಪಿರಿಟ್ ಸೇರಿದಾಗ ಪ್ರತಿಕ್ರಿಯೆ ಕೆಲವೊಮ್ಮೆ ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಏರುತ್ತದೆ. ಎಲೆ ಮಾದರಿಗೆ ತಾವು ಪರ್‌ಕ್ಲೋರಿಕ್ ಆಮ್ಲವನ್ನೂ ಬಳಸುತ್ತಿದ್ದರೆ ಅಪಾಯ ಇನ್ನೂ ಹೆಚ್ಚು.

ವರ್ಗೀಕರಣದಲ್ಲಿ ಪಿಎಚ್ ಒಂದನ್ನೇ ನೋಡಿದ್ದು ತಮ್ಮ ಮೂಲ ತೊಡಕು. ಆಮ್ಲ ಹೋದ ಮೇಲೆ ದ್ರಾವಣದಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ಸಾವಯವ ಇಂಗಾಲದ ಒಂದು ಮಾದರಿಗೆ ನಾವು 1 ನಾರ್ಮಲ್ ಸಾಂದ್ರತೆಯ ಡೈಕ್ರೋಮೇಟ್ ದ್ರಾವಣ 10 ಮಿ.ಲೀ. ಹಾಕುತ್ತೇವೆ, ಅದರಲ್ಲಿ ಸುಮಾರು 0.17 ಗ್ರಾಂ ಕ್ರೋಮಿಯಂ ಇರುತ್ತದೆ. ನೀರು ಸೇರಿಸಿದ ಮೇಲೂ ಲೀಟರಿಗೆ 700 ಮಿ.ಗ್ರಾಂ. ಆಸುಪಾಸು ಉಳಿಯುತ್ತದೆ. ತ್ಯಾಜ್ಯದಿಂದ ಸೋರಿ ಬರುವ ಕ್ರೋಮಿಯಂಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಎರಡನೆಯ ಅನುಸೂಚಿ ಇಟ್ಟಿರುವ ಮಿತಿ ಲೀಟರಿಗೆ 5 ಮಿ.ಗ್ರಾಂ. ಆದ್ದರಿಂದ ಆಮ್ಲ ತಣಿದರೂ ಅದು ಅಪಾಯಕಾರಿ ತ್ಯಾಜ್ಯವಾಗಿಯೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ (ಹನಿ ಹನಿಯಾಗಿ ಸೇರಿಸಿ ಅಳೆದರೆ), ಕೊನೆಯಲ್ಲಿ ನೀಲಿ ಹೋಗಿ ಹಸಿರು ಬರುವಷ್ಟರಲ್ಲಿ ಡೈಕ್ರೋಮೇಟಿನಲ್ಲಿದ್ದ ಹೆಚ್ಚು ವಿಷದ ಹೆಕ್ಸಾವೇಲೆಂಟ್ ಕ್ರೋಮಿಯಂ ಎಲ್ಲವೂ ಕಡಿಮೆ ವಿಷದ ಟ್ರೈವೇಲೆಂಟ್ ಆಗಿರುತ್ತದೆ. ಆದರೆ ಅದೇ ಪರೀಕ್ಷೆಯನ್ನು 660 ನ್ಯಾನೋಮೀಟರಿನಲ್ಲಿ ಬಣ್ಣ ಓದಿ ಮಾಡುವ ಪ್ರಯೋಗಾಲಯಗಳಲ್ಲಿ ಫೆರಸ್ ಹಾಕುವ ಹಂತವೇ ಇಲ್ಲ. ಪ್ರತಿಕ್ರಿಯಿಸದೆ ಉಳಿದ ಡೈಕ್ರೋಮೇಟ್ ಹಾಗೆಯೇ ಇರುತ್ತದೆ, ಅದು ಕ್ಯಾನ್ಸರ್‌ಕಾರಕ. ಪರೀಕ್ಷೆಯ ಹೆಸರು ಒಂದೇ, ತ್ಯಾಜ್ಯ ಬೇರೆ ಬೇರೆ. ಹೀಗಾಗಿ ಚೀಟಿಯ ಮೇಲೆ ಪರೀಕ್ಷೆಯ ಹೆಸರಿಗಿಂತ ವಿಧಾನದ ಹೆಸರು ಮುಖ್ಯ.

ಸಿಒಡಿ ಉಳಿಕೆಯನ್ನು ಇದರೊಂದಿಗೆ ಎಂದೂ ಸೇರಿಸಬೇಡಿ. ಕ್ಲೋರೈಡನ್ನು ಹಿಡಿದಿಡಲು ಹಾಕುವ ಮರ್ಕ್ಯುರಿಕ್ ಸಲ್ಫೇಟ್ 20 ಮಿ.ಲೀ. ಮಾದರಿಗೆ 0.4 ಗ್ರಾಂ, ಅಂದರೆ ಪ್ರತಿ ಫ್ಲಾಸ್ಕಿನಲ್ಲಿ ಕಾಲು ಗ್ರಾಮಿಗೂ ಹೆಚ್ಚು ಪಾದರಸ. ಪಾದರಸದ ಮಿತಿಯಾದರೋ ಲೀಟರಿಗೆ 0.2 ಮಿ.ಗ್ರಾಂ. ಒಂದು ಲೀಟರ್ ಸಿಒಡಿ ದ್ರಾವಣ ಬಿದ್ದರೆ ನಿಮ್ಮ 35 ಲೀಟರೂ ಪಾದರಸದ ತ್ಯಾಜ್ಯವಾಗುತ್ತದೆ.

ಉತ್ತರ 2 (ಗದಗ, ರಸಾಯನಶಾಸ್ತ್ರ ಉಪನ್ಯಾಸಕಿ):

ಮೇಲಿನವರ ಮಾತಿಗೆ ಸೋಡಾದ ಲೆಕ್ಕವನ್ನು ಸೇರಿಸುತ್ತೇನೆ. ಒಂದು ಮಣ್ಣಿನ ಮಾದರಿಗೆ ಹಾಕಿದ 20 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ತಣಿಸಲು ಹತ್ತಿರ ಹತ್ತಿರ 30 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 20 ಮಾದರಿಗೆ ಅರ್ಧ ಕಿಲೋಗೂ ಮೇಲೆ, ಜೊತೆಗೆ ಕೈ ಸುಡುವಷ್ಟು ಬಿಸಿ. ಸುಣ್ಣ ಹಾಕಿದರೆ ಜಿಪ್ಸಂ ಕೆಸರು ತುಂಬಿಕೊಂಡು ಸಾಗಿಸಬೇಕಾದ ತೂಕವೇ ಹೆಚ್ಚುತ್ತದೆ. ಪಿಎಚ್ 8ರಿಂದ 9ರ ನಡುವೆ ಕ್ರೋಮಿಯಂ ಹೈಡ್ರಾಕ್ಸೈಡ್ ಕೆಳಗೆ ಇಳಿಯುತ್ತದೆ ನಿಜ, ಆದರೆ ಕ್ಷಾರ ಅತಿಯಾದರೆ ಮತ್ತೆ ಕರಗುತ್ತದೆ. ಲೋಹವಿಲ್ಲದ ಬರೀ ಆಮ್ಲ, ಕ್ಷಾರಗಳನ್ನು ತಣಿಸುವುದು ಬೇರೆ ಮಾತು. ಲೋಹ ಸೇರಿದ ಈ ದ್ರಾವಣವನ್ನು ತಣಿಸುವ ಕೆಲಸವನ್ನು ನೀವು ಕೈಗೆತ್ತಿಕೊಳ್ಳದಿರುವುದೇ ಒಳಿತು.

 

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ನಮ್ಮದು ಟೈಟ್ರೇಶನ್ ವಿಧಾನ. ಎಲೆ ಮಾದರಿಗೆ ಪರ್‌ಕ್ಲೋರಿಕ್ ಆಮ್ಲವನ್ನೂ ಬಳಸುತ್ತೇವೆ. ಹಾಗಾದರೆ ಆ ಹಳೆಯ ಕ್ಯಾನಿಗೆ ಏನೆಂದು ಚೀಟಿ ಅಂಟಿಸಲಿ? ಖಾಲಿ ಆಸಿಡ್ ಬಾಟಲಿಗಳನ್ನು ಗುಜರಿಯವನಿಗೆ ಕೊಡುತ್ತಿದ್ದೆವು, ಅದೂ ತಪ್ಪೇ?

ಉತ್ತರ 3 (ಹುಬ್ಬಳ್ಳಿ, ಕಾರ್ಖಾನೆಯೊಂದರ ಪರಿಸರ ವಿಭಾಗ):

ತಪ್ಪು. ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಪಾತ್ರೆಗಳು ಅದೇ 2016ರ ನಿಯಮಗಳ ಮೊದಲ ಅನುಸೂಚಿಯ 33.1ರಲ್ಲಿ ಅಪಾಯಕಾರಿ ತ್ಯಾಜ್ಯವಾಗಿವೆ. ಗುಜರಿಯವನು ತೊಳೆದು ಕೊಟ್ಟ ಕ್ಯಾನನ್ನು ಯಾರೋ ಕುಡಿಯುವ ನೀರಿಗೆ ಇಟ್ಟುಕೊಳ್ಳುತ್ತಾರೆ.

ಹಳೆಯ ಕ್ಯಾನಿನೊಳಗೆ ಬಿದ್ದಿರುವುದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನೇ ಅದರ ವರ್ಗವೆಂದು ಹಿಡಿದು, ಇರುವುದೆಲ್ಲವನ್ನೂ ಬರೆಯಿರಿ: ಪಾದರಸ, ಕ್ರೋಮಿಯಂ, ಸಿಒಡಿ ಪರೀಕ್ಷೆಗೆ ಬಳಸುವ ಬೆಳ್ಳಿ, ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ ಸೇರಿದ ಆಮ್ಲ, ಸ್ಪಿರಿಟ್ ಸೇರಿದೆ ಎಂಬ ಎಚ್ಚರಿಕೆ, ಕೊನೆಯದಾಗಿ ಸುರಿದ ದಿನಾಂಕ. ಚೀಟಿಗೆ ಫಾರಂ 8 ಇದೆ. ಪ್ರತಿ ಬಾರಿ ಸುರಿದದ್ದನ್ನು ದಾಖಲಿಸುವ ಪುಸ್ತಕ ಫಾರಂ 3. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಲ್ಪ ಪ್ರಮಾಣದವರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅವಧಿ ವಿಸ್ತರಿಸಬಹುದು, ಆದರೆ ಅದನ್ನು ಮೊದಲೇ ಬರೆದು ಕೇಳಬೇಕು. ಸಾಗಿಸುವಾಗ ಫಾರಂ 10ರ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಇಲ್ಲದೆ ವಾಹನ ಗೇಟು ದಾಟಬಾರದು. ಉಬ್ಬಿದ ಕ್ಯಾನನ್ನು ಅಧಿಕೃತ ವಿಲೇವಾರಿದಾರರು ಹೇಳುವವರೆಗೆ ತಾವಾಗಿ ಎತ್ತಬೇಡಿ, ಬೇರೆ ಕ್ಯಾನಿಗೆ ಬಗ್ಗಿಸಲೂ ಬೇಡಿ.

ನಾಳೆಯಿಂದ ನಾಲ್ಕು ಚಿಕ್ಕ ಕ್ಯಾನುಗಳನ್ನು ಇಡಿ: ಮಣ್ಣಿನ ಹಸಿರು ದ್ರಾವಣ, ಸಿಒಡಿ, ನೈಟ್ರಿಕ್–ಪರ್‌ಕ್ಲೋರಿಕ್, ಸ್ಪಿರಿಟ್. ಕೊನೆಯ ಎರಡು ಒಂದೇ ಕಪಾಟಿನಲ್ಲಿ ಇರಬಾರದು. ಮೊದಲ ಮೂರನ್ನು ಟೈಟ್ರೇಶನ್ ಮೇಜಿನ ಹತ್ತಿರ ಪ್ಲಾಸ್ಟಿಕ್ ಟ್ರೇಗಳಲ್ಲಿ ಇಡಿ, ದೂರವಿದ್ದರೆ ಯಾರೂ ನಡೆದು ಹೋಗಿ ಸುರಿಯುವುದಿಲ್ಲ, ಸಿಂಕ್ ಹತ್ತಿರದಲ್ಲೇ ಇರುತ್ತದೆ.