ಅಪ್‌ಡೇಟ್: ಕ್ಯಾಂಪರ್ ವ್ಯಾನಿನ ಕ್ಯಾರಿಯರ್ ಬುಡದ ಸೋರಿಕೆ ನಿಂತಿದೆ

ನಮ್ಮ ಹಳೆಯ ಕ್ಯಾಂಪರ್ ವ್ಯಾನಿನ (ಒಳಗೇ ಮಲಗಲು ಹಾಸಿಗೆಯಿರುವ ಪ್ರವಾಸದ ವ್ಯಾನ್) ಚಾವಣಿಯಲ್ಲಿ, ಸಾಮಾನು ಕಟ್ಟುವ ಕ್ಯಾರಿಯರಿನ ಬೋಲ್ಟುಗಳ ಬುಡದಿಂದ ಮಳೆನೀರು ಸೋರುತ್ತಿದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ದರು. ಆ ಸೋರಿಕೆ ಈಗ ನಿಂತಿದೆ. ಮೇಲಿನಿಂದಲೇ ಸಿಲಿಕೋನ್ (ಸಂದು ಮುಚ್ಚುವ ಅಂಟು) ಬಳಿಯುವ ಸಲಹೆ ಫಲಿಸಲಿಲ್ಲ. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಉಗುರು ತಾಗಿಸಿದರೆ ಎದ್ದು ಬರುತ್ತದೆ. ಕ್ಯಾರಿಯರನ್ನು ಪೂರ್ತಿ ಬಿಚ್ಚಿಸಿ ಎಂದವರ ಮಾತೇ ಸರಿಯಾಯಿತು. ಮೈಸೂರಿನ ಬನ್ನಿಮಂಟಪದ ಕಡೆಯ ಗ್ಯಾರೇಜೊಂದರಲ್ಲಿ ಬಿಚ್ಚಿಸಿದಾಗ, ಬಿಸಿಲಿಗೆ ಒಣಗಿದ ರಬ್ಬರ್ ವಾಷರುಗಳು ಹಪ್ಪಳದಂತೆ ಮುರಿದವು. ತುಕ್ಕು ಉಜ್ಜಿಸಿ, ಪ್ರೈಮರ್ ಒಣಗಿದ ಮೇಲೆ, ಬ್ಯೂಟೈಲ್ ಟೇಪಿನ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಮೇಲೆ, ಬಿಸಿಲು ಮಳೆ ತಾಳುವ ಇಪಿಡಿಎಂ ಎಂಬ ರಬ್ಬರಿನ ವಾಷರುಗಳನ್ನು ಹಾಕಿಸಿದೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ಟೇಪೆಲ್ಲ ಹೊರಕ್ಕೆ ಒಸರುತ್ತದೆ, ಎಚ್ಚರ. ಅಚ್ಚರಿಯೆಂದರೆ, ನೀರು ತೊಟ್ಟಿಕ್ಕುತ್ತಿದ್ದುದು ಹಿಂದಿನ ಹಾಸಿಗೆಯ ಮೇಲಾದರೂ, ಒಳನುಗ್ಗುತ್ತಿದ್ದುದು ಮುಂದಿನ ಬೋಲ್ಟಿನಿಂದ. ಒಳಪದರದ ಮೇಲೆ ಹರಿದು ಹಿಂದಕ್ಕೆ ಬರುತ್ತಿತ್ತು. ಆದ್ದರಿಂದ ಸೋರುವ ಕಡೆಯ ವಾಷರನ್ನಷ್ಟೇ ಬದಲಿಸಿ ಎಂಬ ಅಗ್ಗದ ಸಲಹೆಯನ್ನು ನಂಬಬೇಡಿ.