ಕಾಗದ ಸಂರಕ್ಷಕರನ್ನು ಕೇಳಿ: ಫ್ರಾನ್ಸ್ ಕ್ರಾಂತಿಯ ಅಸಿನ್ಯಾ ನೋಟು

ಕಾಫಿಪುಡಿ: ಮೇಡಂ, 1793ರ 50 ಸೋಲ್ (ಆಗಿನ ಫ್ರೆಂಚ್ ಚಿಲ್ಲರೆ) ಅಸಿನ್ಯಾ ತಗೊಂಡಿದ್ದೆ, ಮಡಿಕೆ ಬಿದ್ದಿತ್ತು. ನಮ್ಮನೆಯವರು ಪಂಚೆ ಮಧ್ಯೆ ಇಟ್ಟು ಇಸ್ತ್ರಿ ಹೊಡೆದುಬಿಟ್ಟರು. ಮಡಿಕೆ ಹೋಯ್ತು, ಉಬ್ಬಿದ ಮುದ್ರೆಯೂ ಹೋಯ್ತು. ವಾಪಸ್ ಬರುತ್ತಾ?

ಮೇಡಂ: ಅಯ್ಯೋ! ಅದು ಮಸಿ ಇಲ್ಲದೆ ಒತ್ತಿದ ಮುದ್ರೆ ಕಣ್ರೀ, ನೋಟಿನ ಜೀವ ಅಲ್ಲೇ ಇತ್ತು. 1789ರ ಡಿಸೆಂಬರಿನಲ್ಲಿ ಚರ್ಚಿನಿಂದ ಕಿತ್ತುಕೊಂಡ ಜಮೀನಿನ ಭರವಸೆ ಮೇಲೆ ಈ ನೋಟನ್ನ ಆಗಿನ ಫ್ರೆಂಚ್ ಹಣದಲ್ಲಿ 40 ಕೋಟಿ ಲಿವ್ರ್‌ನಿಂದ ಶುರುಮಾಡಿದರು. ಆಮೇಲೆ ಯುದ್ಧದ ಖರ್ಚಿಗೆ ಅಚ್ಚು ಹಾಕಿದ್ದೇ ಹಾಕಿದ್ದು, 1796ರ ಹೊತ್ತಿಗೆ ಸುಮಾರು 4,500 ಕೋಟಿ. ಸಾಲದ್ದಕ್ಕೆ ಇಂಗ್ಲೆಂಡಿನಿಂದ ಕಳ್ಳನೋಟು ಬೇರೆ. ಅದಕ್ಕೇ ಆ ಮುದ್ರೆ. ನಿಮ್ಮ ನೋಟಿನ ಮೇಲೇ ಬರೆದಿದೆ ನೋಡಿ: ಖೋಟಾ ಮಾಡಿದವನಿಗೆ ಮರಣದಂಡನೆ, ಹಿಡಿದುಕೊಟ್ಟವನಿಗೆ ಬಹುಮಾನ.
ರಾತ್ರಿ ದೀಪ ಆರಿಸಿ, ಟಾರ್ಚನ್ನು ಮೇಜಿಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಅಂಚಿನ ನೆರಳು ಸ್ವಲ್ಪ ಕಂಡರೂ ಪೂರ್ತಿ ಹೋಗಿಲ್ಲ ಅಂತ. ಹಬೆ ಹಿಡಿಯಬೇಡಿ, ಉಳಿದದ್ದೂ ಚಪ್ಪಟೆಯಾಗುತ್ತೆ. ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಕವರಿನಲ್ಲಿಡಿ.

ಹಳೇದುಡ್ಡು: ನನ್ನ ಹತ್ರ 5 ಲಿವ್ರ್ ಇದೆ. ಎಷ್ಟು ಬರುತ್ತೆ?

ಮೇಡಂ: ನಾನು ಕಾಗದ ನೋಡುವವಳು, ಬೆಲೆ ಕಟ್ಟುವವಳಲ್ಲ.

ಗಂಧದಗುಡಿ: ಹಳೇ ನೋಟಿನ ಕಲೆಗೆ ನಿಂಬೆರಸ, ಅಡುಗೆ ಸೋಡಾ ರಾಮಬಾಣ. ಐದೇ ನಿಮಿಷದಲ್ಲಿ ಹೊಸದರಂತೆ! ಎಲ್ಲರಿಗೂ ಕಳಿಸಿ 🙏

ಮೇಡಂ: ಯಾರೂ ಮಾಡಬೇಡಿ. ಅದು ಚಿಂದಿಬಟ್ಟೆಯಿಂದ ಮಾಡಿದ ಕಾಗದ, ಇನ್ನೂರು ವರ್ಷ ತಡೆದಿದೆ. ಹುಳಿ ಬಿದ್ದರೆ ನಾರು ಸಾಯುತ್ತೆ. ದೊಡ್ಡ ಮೊತ್ತದ ನೋಟಲ್ಲಿ ಕೈಬರಹದ ಸಹಿ ಇದ್ದರೆ ಅದೂ ಹೋಯ್ತು. ಪಾತ್ರೆ ತೊಳೆಯೋ ಸಾಮಾನು ಪಾತ್ರೆಗಿರಲಿ.

ಗಂಧದಗುಡಿ: ಇಷ್ಟೊಂದು ಕೋಪ ಯಾಕೆ? ನಂಗೂ ಬಂದಿದ್ದೇ ಕಳಿಸಿದೆ.

ಪಟ್ಟಣದಹುಡುಗ: ಶ್ರೀರಂಗಪಟ್ಟಣದಲ್ಲಿದ್ದ ಕ್ರಾಂತಿ ಬೆಂಬಲಿಗರ ಕೂಟ, ಜಾಕೋಬಿನ್ ಕ್ಲಬ್‌ನ ಫ್ರೆಂಚರು ಟಿಪ್ಪುವಿನ ಊರಲ್ಲಿ ಇದೇ ನೋಟು ಖರ್ಚು ಮಾಡ್ತಿದ್ದರಂತೆ?

ತಾಳೆಗರಿ: ಕ್ಲಬ್ಬಿನ ಕಥೆ 1797ರದ್ದು. 1796ರ ಫೆಬ್ರವರಿಯಲ್ಲೇ ಪ್ಯಾರಿಸ್ಸಿನಲ್ಲಿ ಅಚ್ಚಿನ ಫಲಕ ಒಡೆದುಹಾಕಿದ್ದರು. ಸತ್ತ ನೋಟನ್ನ ಇಲ್ಲಿ ಯಾರು ತಗೊಳ್ತಾರೆ?

ಪಟ್ಟಣದಹುಡುಗ: ಟಿಪ್ಪು ಅಂದ ತಕ್ಷಣ ಕೆಲವರಿಗೆ ಉರಿ.

ತಾಳೆಗರಿ: ತಾರೀಖು ಹೇಳಿದೆ, ಟಿಪ್ಪುವಿಗೇನೂ ಅಂದಿಲ್ಲ. ಓದೋಕೆ ಬರುತ್ತೆ ತಾನೆ?

ಅಡ್ಮಿನ್: ಸಾಕು ಇಬ್ಬರೂ.

ಮಲ್ನಾಡ್: ಮೇಡಂ, ನೀರಚ್ಚು (ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣೋ ಗುರುತು) ಇಲ್ಲದಿದ್ದರೆ ಖೋಟಾ ಅಂತಲೇನಾ?

ಹಳೇದುಡ್ಡು: ಅಂದಾಜಾದ್ರೂ ಹೇಳಿ, ಎಷ್ಟು ಬರುತ್ತೆ?

ಮೇಡಂ: ಮೇಲೆ ಓದಿ.

ಕಾಫಿಪುಡಿ: ಟಾರ್ಚ್ ಹಿಡಿದೆ. ಒಂದು ಕಡೆ ಅರ್ಧ ಅಂಚು ಕಾಣ್ತಿದೆ! ಆದ್ರೆ ಮೇಡಂ, ನಮ್ಮನೆಯವರು ಬೆಳಿಗ್ಗೆಯೇ ಮೂಲೆಯ ಕಲೆಗೆ ನಿಂಬೆಹಣ್ಣು ಸವರಿದ್ದಾರಂತೆ.

ಮೇಡಂ: ಎಷ್ಟು ಹೊತ್ತಾಯ್ತು? ಉಜ್ಜಬೇಡಿ. ಫೋಟೊ ಕಳಿಸಿ. ಅವರನ್ನ ಆ ಕೋಣೆಯಿಂದ ಆಚೆ ಕಳಿಸಿ.